ಗಾಡಿಯ ಸ್ನಾನವೂ ಕಾವೇರಿಯ ದಾರಿಯೂ

ತಾನು ಏರುವ ವಾಹನವನ್ನು ತೊಳೆದು ಶುಭ್ರವಾಗಿಟ್ಟುಕೊಳ್ಳುವ ಪದ್ಧತಿ ನಮ್ಮ ನಾಡಿನವರಿಗೆ ಹೊಸದಲ್ಲ. ನಾವು ಹುಡುಗರಾಗಿದ್ದ ಕಾಲದಲ್ಲಿ ಸಂಕ್ರಾಂತಿಯ ದಿನ ಊರಿನ ಎತ್ತುಗಳನ್ನೆಲ್ಲ ಕೆರೆಗೆ ಹೊಡೆದುಕೊಂಡು ಹೋಗಿ, ಮೈಯುಜ್ಜಿ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆಗೆ ಕಿಚ್ಚು ಹಾಯಿಸುತ್ತಿದ್ದರು. ಈಗ ಎತ್ತಿನ ಸ್ಥಾನಕ್ಕೆ ಮೋಟಾರು ಗಾಡಿ ಬಂದಿದೆ. ಮಹಾನವಮಿಯ ಆಯುಧಪೂಜೆಯ ದಿನ ಬೆಂಗಳೂರಿನ ಯಾವ ಬೀದಿಯಲ್ಲಿ ನಡೆದರೂ ತೊಳೆದು ಒರಸಿ ಹೂಮಾಲೆ ತೊಡಿಸಿದ ಕಾರುಗಳೂ, ಅವುಗಳ ಗಾಲಿಯಡಿಯ ನಿಂಬೆಹಣ್ಣುಗಳೂ, ಒಡೆದ ಬೂದುಗುಂಬಳದ ಹೋಳುಗಳೂ ಕಣ್ಣಿಗೆ ಬೀಳುತ್ತವೆ. ವಾಹನ ಬದಲಾದರೂ ಭಾವನೆ ಬದಲಾಗಿಲ್ಲ. ಆದರೆ ಒಂದು ಭೇದವುಂಟು. ಅಂದು ಎತ್ತು ನೀರಿದ್ದಲ್ಲಿಗೆ ಹೋಗುತ್ತಿತ್ತು. ಇಂದು ನೀರು ಗಾಡಿಯಿದ್ದಲ್ಲಿಗೆ ಬರುತ್ತದೆ. ಈ ಭೇದವು ಎಷ್ಟು ದೊಡ್ಡದೆಂಬುದು ಬಹುಕಾಲ ನಮಗೆ ಹೊಳೆದಿರಲಿಲ್ಲ. ಅದು ಹೊಳೆದ ಬಗೆಯನ್ನೂ, ಅದರ ನಿಮಿತ್ತವಾಗಿ ಕೈಗೊಂಡ ಒಂದು ದಿನದ ಪ್ರವಾಸವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಾವು ಬೆಂಗಳೂರಿನ ಹನುಮಂತನಗರದಲ್ಲಿ ವಾಸವಾಗಿರುವವರು. ಶಾಲೆಯಲ್ಲಿ ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸಿ 2023ರಲ್ಲಿ ನಿವೃತ್ತರಾದೆವು. ಆಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು, ಮತ್ತೊಬ್ಬರು ಕೆಲವು ವರ್ಷ ಓಡಿಸಿ ಮಾರಿದ ಒಂದು ಚಿಕ್ಕ ಕಾರನ್ನು ಕೊಂಡುಕೊಂಡೆವು. ಬಿಳಿಯ ಬಣ್ಣದ ಗಾಡಿ. ಬಿಳಿಯ ಪಂಚೆಯಂತೆಯೇ ಬಿಳಿಯ ಗಾಡಿಯೂ ಧೂಳನ್ನು ಮುಚ್ಚಿಡಲಾರದು. ಪತಂಜಲಿ ಮಹರ್ಷಿಗಳು ಐದು ನಿಯಮಗಳನ್ನು ಎಣಿಸುವಾಗ ಶೌಚವನ್ನೇ ಮೊದಲಿಗಿಟ್ಟರೆಂದು ಮಕ್ಕಳಿಗೆ ವರ್ಷವರ್ಷವೂ ಹೇಳಿಕೊಟ್ಟವರು ನಾವು. ನಮ್ಮ ಗಾಡಿಯೇ ಮಲಿನವಾಗಿ ನಿಂತಿರಬಹುದೆ? ಪ್ರತಿ ಭಾನುವಾರ ಬೆಳಗ್ಗೆ ಏಳು ಗಂಟೆಗೆ ನಲ್ಲಿಗೆ ಉದ್ದನೆಯ ಪೈಪನ್ನು ಸಿಕ್ಕಿಸಿ, ಪಂಚೆಯನ್ನು ಎತ್ತಿ ಕಟ್ಟಿ, ಗಾಡಿಯ ಸ್ನಾನಕ್ಕೆ ನಿಲ್ಲುವುದು ನಮ್ಮ ವ್ರತವಾಯಿತು. ನೀರು ಸುರಿಯುತ್ತಿರುವಾಗಲೇ ಒಂದು ಸ್ತೋತ್ರವೂ ಮುಗಿಯುತ್ತಿತ್ತು. ಶರೀರಕ್ಕೆ ವ್ಯಾಯಾಮ, ನಾಲಗೆಗೆ ಪಾಠ, ಗಾಡಿಗೆ ಕಾಂತಿ, ಹೀಗೆ ಮೂರು ಲಾಭಗಳು ಒಂದೇ ಕಾಲಕ್ಕೆ ಸಿಕ್ಕುತ್ತಿವೆಯೆಂದು ನಮಗೆ ಒಳಗೊಳಗೇ ಹೆಮ್ಮೆಯಿತ್ತು.

2023ರಲ್ಲಿ ಮುಂಗಾರು ಕೈಕೊಟ್ಟಿತು. ನಾಡಿನ ಬಹುಭಾಗಕ್ಕೆ ಬರಗಾಲ ತಟ್ಟಿತು. ಮರುವರ್ಷ, ಎಂದರೆ 2024ರ ಬೇಸಗೆ ಕಾಲಿಡುವ ಹೊತ್ತಿಗೆ, ಬೆಂಗಳೂರಿನ ಅಂಚಿನ ಬಡಾವಣೆಗಳಲ್ಲಿ ಕೊಳವೆಬಾವಿಗಳು ಒಂದೊಂದಾಗಿ ಬತ್ತತೊಡಗಿದವು. ಟ್ಯಾಂಕರಿಗಾಗಿ ಜನರು ಕಾದು ನಿಲ್ಲುವುದು ಪತ್ರಿಕೆಗಳಲ್ಲಿ ದಿನವೂ ವರದಿಯಾಗುತ್ತಿತ್ತು. ನಮ್ಮ ಬೀದಿಗೆ ಮಾತ್ರ ಕಾವೇರಿಯ ನೀರು ಎಂದಿನಂತೆ ಸರದಿಯ ದಿನ ಬಂದು ಸಂಪನ್ನು ತುಂಬಿ ಹೋಗುತ್ತಿತ್ತು. ಪತ್ರಿಕೆಯನ್ನು ಓದಿ, ಮಡಿಸಿಟ್ಟು, ಗಾಡಿ ತೊಳೆಯಲು ಹೊರಡುವುದರಲ್ಲಿ ನಮಗೆ ಯಾವ ವಿರೋಧವೂ ಕಾಣಲಿಲ್ಲ.

ಆ ಮಾರ್ಚ್ ತಿಂಗಳ ಮೊದಲನೆಯ ಭಾನುವಾರ. ನಮ್ಮ ಮನೆಯಿಂದ ಎರಡು ನಿವೇಶನಗಳಾಚೆ ಒಂದು ಮನೆ ಕಟ್ಟುತ್ತಿದ್ದರು. ಯಾದಗಿರಿಯ ಕಡೆಯಿಂದ ಬಂದ ಒಂದು ಕೂಲಿಯ ಸಂಸಾರ ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ವಾಸವಾಗಿತ್ತು. ನಾವು ಪೈಪನ್ನು ಹಿಡಿದು ಗಾಡಿಯ ಗಾಲಿಗಳ ಮೇಲೆ ನೀರು ಬಿಡುತ್ತಿದ್ದೇವೆ. ನೀರು ಗೇಟಿನಡಿಯಿಂದ ಹರಿದು ಬೀದಿಯ ಇಳಿಜಾರಿನಲ್ಲಿ ಮೋರಿಗೆ ಸಾಗುತ್ತಿದೆ. ತಲೆಯೆತ್ತಿ ನೋಡಿದರೆ ಆ ಸಂಸಾರದ ಹೆಣ್ಣುಮಗಳು ಸೊಂಟದಲ್ಲಿ ಬರಿಯ ಪ್ಲಾಸ್ಟಿಕ್ ಕೊಡವನ್ನು ಇಟ್ಟುಕೊಂಡು ಗೇಟಿನ ಹೊರಗೆ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ ತಿಳಿಯದು. ನಮ್ಮ ಗಾಡಿಯನ್ನು ತೊಳೆದ ನೀರು ಅವಳ ಪಾದಗಳನ್ನು ಸುತ್ತಿಕೊಂಡು ಹರಿಯುತ್ತಿತ್ತು.

"ಏನಮ್ಮ?" ಎಂದೆವು.

"ಯಪ್ಪಾ, ಟ್ಯಾಂಕರ್ ಬಂದಿಲ್ಲ. ನಿಮ್ಮ ಗಾಡೀದು ಮುಗದ ಮ್ಯಾಲ ನಮಗೊಂದು ಕೊಡ ನೀರ ಬಿಡ್ರಿ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ, ದೈನ್ಯವೂ ಅಷ್ಟಾಗಿ ಇರಲಿಲ್ಲ. ಸರದಿಯಲ್ಲಿ ತನ್ನ ಮುಂದೆ ನಿಂತವರ ಕೆಲಸ ಮುಗಿಯಲಿ ಎಂದು ಹೇಳುವ ಸಹಜವಾದ ಮರ್ಯಾದೆಯಿತ್ತು. ಆ ಸರದಿಯಲ್ಲಿ ಅವಳ ಮುಂದೆ ನಿಂತಿದ್ದುದು ನಮ್ಮ ಗಾಡಿ.

ನಾವು ಪೈಪನ್ನು ಅವಳ ಕೊಡಕ್ಕೆ ತಿರುಗಿಸಿದೆವು. ಕೊಡ ತುಂಬಲು ಒಂದು ನಿಮಿಷ ಹಿಡಿಯಿತು. ಇನ್ನೊಂದು ಕೊಡವಿದ್ದರೆ ತಾ ಎಂದೆವು, ತಂದಳು, ಮತ್ತೆ ತಂದಳು. ಬಳಿಕ ನಲ್ಲಿಯನ್ನು ನಿಲ್ಲಿಸಿ ಒಳಗೆ ಬಂದು ಕುಳಿತೆವು. ನಮ್ಮ ಮನೆಯವರು ಅಡಿಗೆಮನೆಯಿಂದ, "ಏನಾಯಿತು? ಗಾಡಿಗೆ ಅಭಿಷೇಕ ಅರ್ಧಕ್ಕೇ ನಿಂತಿತಲ್ಲ?" ಎಂದರು. ನಡೆದುದನ್ನು ಹೇಳಿದೆವು. ಅವರು ಏನೂ ಉತ್ತರ ಕೊಡದೆ ಒಂದು ಲೋಟ ಕಾಫಿಯನ್ನು ತಂದಿಟ್ಟು ಹೋದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಇಂಥ ಮೌನದ ಅರ್ಥ ನಮಗೆ ತಿಳಿಯದ್ದಲ್ಲ.

ಆ ದಿನಗಳಲ್ಲಿಯೇ ಬೆಂಗಳೂರು ಜಲಮಂಡಳಿಯವರು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೂ, ಕೈತೋಟಕ್ಕೆ ಹಾಯಿಸುವುದನ್ನೂ, ಮನೆ ಕಟ್ಟುವುದನ್ನೂ ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿದರು. ಆಜ್ಞೆ ಬಂದದ್ದು ನಾವು ಹೇಳಿದ ಭಾನುವಾರದ ತರುವಾಯ. ಆದ್ದರಿಂದ ಕಾನೂನಿನ ದೃಷ್ಟಿಯಿಂದ ನಾವು ನಿರ್ದೋಷಿಗಳು. ಆದರೆ ನಿರ್ದೋಷಿಯೆಂಬ ಸಮಾಧಾನ ನಮಗೆ ಉಂಟಾಗಲಿಲ್ಲ. ಸಂಸ್ಕೃತದಲ್ಲಿ 'ಶುಚ್' ಎಂಬ ಧಾತುವಿನಿಂದಲೇ ಶುಚಿ ಎಂಬ ಶಬ್ದವೂ ಹುಟ್ಟುತ್ತದೆ, ಶೋಕ ಎಂಬ ಶಬ್ದವೂ ಹುಟ್ಟುತ್ತದೆ. ಇದನ್ನು ಎಷ್ಟೋ ಬಾರಿ ಕಪ್ಪುಹಲಗೆಯ ಮೇಲೆ ಬರೆದಿದ್ದೆವು. ಒಬ್ಬರ ಶುಚಿ ಇನ್ನೊಬ್ಬರ ಶೋಕದ ಮೇಲೆ ಹರಿದುಹೋಗಬಹುದೆಂಬುದನ್ನು ಮಾತ್ರ ಬರೆದಿರಲಿಲ್ಲ.

ಮೇಷ್ಟರಾದವರು ಮನಸ್ಸಿಗೆ ನೋವಾದರೆ ಲೆಕ್ಕ ಮಾಡುತ್ತಾರೆ. ನಾವೂ ಮಾಡಿದೆವು. ನಮ್ಮ ಪೈಪು 15 ಲೀಟರಿನ ಬಕೀಟನ್ನು ಒಂದು ನಿಮಿಷದಲ್ಲಿ ತುಂಬಿಸುತ್ತದೆ. ಗಾಡಿಯ ಸ್ನಾನಕ್ಕೆ ಸ್ತೋತ್ರಸಹಿತವಾಗಿ ಹಿಡಿಯುತ್ತಿದ್ದುದು ಇಪ್ಪತ್ತು ನಿಮಿಷ. ಎಂದರೆ 300 ಲೀಟರು. ಅವಳ ಕೊಡದ ಅಳತೆಯಲ್ಲಿ ಇಪ್ಪತ್ತು ಕೊಡ. ಅವಳು ಕೇಳಿದ್ದು ಒಂದು.

ಗಾಡಿಯನ್ನು ತೊಳೆಯದೆಯೇ ಬಿಟ್ಟರೆ ಹೇಗೆಂದು ಒಂದು ತಿಂಗಳು ಪರೀಕ್ಷೆ ಮಾಡಿದೆವು. ಅದೂ ತಕ್ಕುದಲ್ಲ. ಗೇಟಿನ ಬಳಿಯ ಹೊಂಗೆಮರದ ಹೂವು ಉದುರಿ ಗಾಜಿನ ಬುಡದಲ್ಲಿ ಸೇರಿ ಕೊಳೆಯಿತು. ಕಾಗೆಯ ಹಿಕ್ಕೆ ಬಿಸಿಲಿನಲ್ಲಿ ಒಣಗಿ, ಒರಸಿದ ಮೇಲೂ ಬಣ್ಣದಲ್ಲಿ ಮಬ್ಬು ಕಲೆಯನ್ನು ಉಳಿಸಿತು. ಹಕ್ಕಿಯ ಹಿಕ್ಕೆಯಲ್ಲಿ ಬಣ್ಣವನ್ನು ತಿನ್ನುವ ಆಮ್ಲವುಂಟು. ಕೆಸರು ಗಾಲಿಯ ಗೂಡುಗಳಲ್ಲಿ ಅಂಟಿ ನಿಂತರೆ ತೇವವನ್ನು ಹಿಡಿದಿಟ್ಟು ಕಬ್ಬಿಣಕ್ಕೆ ತುಕ್ಕು ತರುತ್ತದೆ. ಆದಕಾರಣ ಗಾಡಿಗೆ ಶೌಚ ಬೇಕು, ಅಪವ್ಯಯ ಬೇಡ. ಜೂನಿನಲ್ಲಿ ಮಳೆ ಬಂದಾಗ ಮಾಳಿಗೆಯ ನೀರು ಇಳಿಯುವ ಕೊಳವೆಯ ಕೆಳಗೆ 200 ಲೀಟರಿನ ಒಂದು ಡ್ರಮ್ಮನ್ನು ಇರಿಸಿದೆವು. ಮೊದಲನೆಯ ಮಳೆಯ ನೀರನ್ನು ಮಾಳಿಗೆಯ ಧೂಳಿನೊಡನೆ ಹೊರಗೆ ಬಿಟ್ಟು, ಮುಂದಿನದನ್ನು ಹಿಡಿದಿಟ್ಟುಕೊಂಡು, ಸೊಳ್ಳೆಯಾಡದಂತೆ ಬಿಗಿಯಾಗಿ ಮುಚ್ಚಿದೆವು. ಅಂದಿನಿಂದ ಗಾಡಿಗೆ ಆಕಾಶಗಂಗೆಯೇ ಗತಿ.

ಇಷ್ಟರಿಂದ ಮನಸ್ಸು ಹಗುರವಾಗಬೇಕಾಗಿತ್ತು. ಆದರೆ ಆ ಮುನ್ನೂರು ಲೀಟರು ಎಲ್ಲಿಂದ ಬರುತ್ತಿತ್ತು, ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂಬ ಹಂಬಲ ಉಳಿಯಿತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ನೀರಿನ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ಅದಾದ ಕೆಲವು ದಿನಗಳ ಮೇಲೆ, ಮಳೆ ಬಿಡುವು ಕೊಟ್ಟ ಒಂದು ಬೆಳಗ್ಗೆ, ಬುತ್ತಿಗೆ ಚಿತ್ರಾನ್ನವನ್ನೂ ಮೊಸರನ್ನವನ್ನೂ ಕಟ್ಟಿಕೊಂಡು, ದಂಪತಿಗಳಿಬ್ಬರೂ ಅದೇ ಗಾಡಿಯಲ್ಲಿ ಹೊರಟೆವು. ಎತ್ತನ್ನು ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದಂತೆ ಗಾಡಿಯನ್ನು ನೀರಿದ್ದಲ್ಲಿಗೆ ಹೊಡೆದುಕೊಂಡು ಹೊರಟೆವೆಂದರೂ ಸಲ್ಲುತ್ತದೆ.

ಬನಶಂಕರಿ ಅಮ್ಮನವರ ಗುಡಿಯ ಮುಂದೆ ಕೈಮುಗಿದು ಕನಕಪುರದ ರಸ್ತೆಯನ್ನು ಹಿಡಿದೆವು. ಕೆಲವು ಮೈಲಿಗಳ ತನಕ ತಲೆಯ ಮೇಲೆ ಮೆಟ್ರೊ ರೈಲಿನ ಸೇತುವೆ ನಮ್ಮ ಜೊತೆಯಲ್ಲಿ ಬರುತ್ತದೆ. ಕಾವೇರಿಯ ದೊಡ್ಡ ಕೊಳವೆಗಳು ನಗರಕ್ಕೆ ಬರುವುದೂ ಈ ರಸ್ತೆಯ ದಿಕ್ಕಿನಿಂದಲೇ. ಮೇಲೆ ರೈಲು, ನಡುವೆ ಗಾಡಿ, ನೆಲದೊಳಗೆ ನದಿ! ವಾಹನವೆಂಬ ಶಬ್ದಕ್ಕೂ ಪ್ರವಾಹವೆಂಬ ಶಬ್ದಕ್ಕೂ ಮೂಲ ಒಂದೇ. ಹೊರುವುದು, ಸಾಗುವುದು ಎಂಬ ಅರ್ಥದ 'ವಹ್' ಧಾತು. ಇದನ್ನು ನಮ್ಮ ಮನೆಯವರಿಗೆ ವಿವರಿಸಹೊರಟಾಗ, "ವ್ಯಾಕರಣ ಆಮೇಲಾಗಲಿ, ಮುಂದೆ ಲಾರಿ ಇದೆ" ಎಂದು ಅವರು ಎಚ್ಚರಿಸಿದುದರಿಂದ ಆ ಪಾಠ ಅಲ್ಲಿಗೆ ನಿಂತಿತು.

ತಾತಗುಣಿ, ಕಗ್ಗಲೀಪುರಗಳನ್ನು ದಾಟಿ ಹಾರೋಹಳ್ಳಿಗೆ ಬಂದೆವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲೆ ನಿಂತಿರುವ ಊರು; ಕಾವೇರಿಯು ಅದಕ್ಕಿಂತ ನೂರಾರು ಮೀಟರು ತಗ್ಗಿನಲ್ಲಿ, ಸುಮಾರು 100 ಕಿಲೋಮೀಟರು ದೂರದಲ್ಲಿ ಹರಿಯುತ್ತಾಳೆ. ನೀರು ತಾನಾಗಿ ಏರಿ ಬರುವ ವಸ್ತುವಲ್ಲ. ಶಿವನಸಮುದ್ರದ ಬಳಿ ಹೊಳೆಯಿಂದ ತಿರುಗಿಸಿಕೊಂಡ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗುತ್ತದೆ. ಅಲ್ಲಿಂದ ಅದನ್ನು ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ, ತಾತಗುಣಿಯಿಂದ ನಗರಕ್ಕೆ, ಹೀಗೆ ಮೂರು ಮೆಟ್ಟಿಲುಗಳಲ್ಲಿ ಯಂತ್ರಗಳು ಹಗಲೂ ರಾತ್ರಿಯೂ ಎತ್ತುತ್ತಿರುತ್ತವೆ. ಜಲಮಂಡಳಿಯ ವೆಚ್ಚದಲ್ಲಿ ದೊಡ್ಡ ಪಾಲು ಈ ಎತ್ತುವಿಕೆಗೆ ಬೇಕಾದ ವಿದ್ಯುತ್ತಿನದೇ. ಗಾಡಿಯಲ್ಲಿ ಕುಳಿತು ಇಳಿಯುವ ನಮಗೆ ಈ ತಗ್ಗು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ಒಂದು ಕೊಡವನ್ನು ತಲೆಯ ಮೇಲೆ ಹೊತ್ತು ಇದೇ ದಾರಿಯಲ್ಲಿ ಹಿಂದಿರುಗಬೇಕೆಂದು ಕಲ್ಪಿಸಿಕೊಂಡರೆ ಒಡನೆಯೇ ಗೊತ್ತಾಗುತ್ತದೆ.

ಕನಕಪುರದ ಬಳಿ ಅರ್ಕಾವತಿಯ ಸೇತುವೆ. ಹಿಂದೆ ಇದೇ ಅರ್ಕಾವತಿ ಬೆಂಗಳೂರಿಗೆ ನೀರು ಕುಡಿಸಿದ ತಾಯಿ. ಮೊದಲು ಹೆಸರಘಟ್ಟದ ಕೆರೆಯಿಂದ, 1933ರ ತರುವಾಯ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದಿಂದ ನಗರವು ಅವಳ ನೀರನ್ನು ಕುಡಿದು ಬೆಳೆಯಿತು. 1974ರಲ್ಲಿ ಕಾವೇರಿಯ ಮೊದಲನೆಯ ಹಂತ ಬಂತು. ನಗರವು ತಾಯಿಯ ಋಣವನ್ನು ತೀರಿಸಿದ ಬಗೆ ವಿಚಿತ್ರವಾಗಿದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆಂದು ಜನರು ನಂಬುವ ವೃಷಭಾವತಿಯು ನಗರದ ಪಶ್ಚಿಮ ಭಾಗದ ಕೊಳೆಯನ್ನೆಲ್ಲ ಹೊತ್ತು, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿಯು ಮುಂದೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಹನುಮಂತನಗರದ ಮೋರಿಗಳು ಇಳಿಯುವುದು ಈ ವೃಷಭಾವತಿಯ ಕಣಿವೆಗೇ.

ಸೇತುವೆಯ ಹತ್ತಿರ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದೆವು. ಗಾಡಿಯಿಂದ ನಾವು ತೊಳೆದುಬಿಟ್ಟ ಎಣ್ಣೆ, ಸಾಬೂನು, ಧೂಳು ಎಲ್ಲಿಗೋ ಹೋಯಿತೆಂದು ತಿಳಿದಿದ್ದೆವಲ್ಲ. ಅದು ನಮಗಿಂತ ಮೊದಲೇ ಇದೇ ಕಡೆಗೆ ಪ್ರಯಾಣ ಬೆಳೆಸಿತ್ತು. ಮಲವನ್ನು ನಾವು ಕಳೆದಿರಲಿಲ್ಲ. ನಮ್ಮ ಗೇಟಿನಿಂದ ಇನ್ನೊಬ್ಬರ ಹೊಲದ ಅಂಚಿಗೆ ಸಾಗಿಸಿದ್ದೆವು, ಅಷ್ಟೆ.

ಕನಕಪುರದಿಂದ ಮುಂದೆ ಸಾತನೂರು, ಹಲಗೂರು. ಎಡಬಲಗಳಲ್ಲಿ ಕಲ್ಲುಗುಡ್ಡಗಳು, ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು. ಆ ಸಾಲಿನ ಮಳೆ ಕೈಬಿಟ್ಟಿರಲಿಲ್ಲವಾದ್ದರಿಂದ ರಾಗಿ ಸೊಂಪಾಗಿತ್ತು. ಈ ಸೀಮೆಯ ರೈತನು ಮಳೆಯನ್ನು ನೆಚ್ಚಿದವನು. ಅವನ ಹೊಲದ ಪಕ್ಕದಲ್ಲಿಯೇ ದಿನಕ್ಕೆ ಕೋಟಿಗಟ್ಟಲೆ ಲೀಟರು ನೀರು ಕೊಳವೆಯೊಳಗೆ ಬೆಂಗಳೂರಿನ ಕಡೆಗೆ ಹಾದುಹೋಗುತ್ತದೆ. ಸಾತನೂರಿನಲ್ಲಿ ಎಳನೀರು ಕುಡಿಯಲು ನಿಂತಾಗ ಅಂಗಡಿಯ ಮುದುಕರನ್ನು ಮಾತನಾಡಿಸಿದೆವು. ಎಲ್ಲಿಗೆ ಹೊರಟಿರಿ ಎಂದರು. ಬೆಂಗಳೂರಿನ ನೀರು ಎಲ್ಲಿಂದ ಬರುತ್ತದೆಂದು ನೋಡಲು ಎಂದೆವು. ಅವರು ನಕ್ಕು, "ಅದೇನ್ ನೋಡೋದು ಸ್ವಾಮಿ, ನಮ್ ಮುಂದೆನೇ ಹೋಯ್ತದೆ. ಕಾಣಾಕಿಲ್ಲ ಅಷ್ಟೆಯ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಲಗೂರನ್ನು ಬಿಟ್ಟು ಮಳವಳ್ಳಿಯ ಕಡೆಗೆ ಸಾಗುವ ಸೀಮೆಯಲ್ಲಿದೆ ತೊರೆಕಾಡನಹಳ್ಳಿ. ಹೊಸ ಯೋಜನೆಗೆ ಮೊದಲೇ ಇಲ್ಲಿಂದ ನಗರಕ್ಕೆ ದಿನಕ್ಕೆ ಸುಮಾರು 145 ಕೋಟಿ ಲೀಟರು ಹೋಗುತ್ತಿತ್ತು. ಐದನೆಯ ಹಂತವು ಅದಕ್ಕೆ 77.5 ಕೋಟಿ ಲೀಟರನ್ನು ಸೇರಿಸಲು ಸಿದ್ಧವಾಗಿದ್ದು, 2007ರಲ್ಲಿ ನಗರದೊಳಕ್ಕೆ ಬಂದ 110 ಹಳ್ಳಿಗಳ ದಾಹವನ್ನು ತೀರಿಸುವ ಉದ್ದೇಶದ್ದು. ಹದಿನೇಳು ವರ್ಷ ಆ ಹಳ್ಳಿಗಳು ನಗರವೆನಿಸಿಕೊಂಡೂ ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿದ್ದವು. ಯಂತ್ರಾಗಾರದ ಒಳಕ್ಕೆ ಹೋಗುವ ಪ್ರಯತ್ನವನ್ನು ನಾವು ಮಾಡಲಿಲ್ಲ. ಹೊರಗಿನಿಂದ ಆಳುದ್ದಕ್ಕಿಂತ ದೊಡ್ಡ ಉಕ್ಕಿನ ಕೊಳವೆಗಳನ್ನು ನೋಡಿದೆವು. ನಮ್ಮ ಮನೆಯವರು, "ಇಷ್ಟು ದಪ್ಪದ್ದು ನಮ್ಮ ಮನೆಗೆ ಬರುವ ಹೊತ್ತಿಗೆ ಹೆಬ್ಬೆರಳಿನಷ್ಟಾಗುತ್ತಲ್ಲ" ಎಂದು ಆಶ್ಚರ್ಯಪಟ್ಟರು.

ಮಳವಳ್ಳಿಯ ಸೀಮೆಗೆ ಬಂದೊಡನೆ ನಾಲೆಯ ನೀರಿನ ಹಸುರು ಕಣ್ಣಿಗೆ ತುಂಬಿತು; ಬತ್ತದ ಗದ್ದೆಗಳು, ಕಬ್ಬು, ತೆಂಗು. ಅಲ್ಲಿಂದ ಶಿವನಸಮುದ್ರಕ್ಕೆ ಹೋಗಿ ಗಗನಚುಕ್ಕಿಯ ಎದುರಿಗೆ ನಿಂತಾಗ ಮಧ್ಯಾಹ್ನವಾಗಿತ್ತು. ಇಲ್ಲಿ ಕಾವೇರಿಯು ಎರಡು ಕವಲಾಗಿ ನಡುವೆ ಒಂದು ದ್ವೀಪವನ್ನು ಬಿಟ್ಟು, ಒಂದೆಡೆ ಗಗನಚುಕ್ಕಿಯಾಗಿಯೂ ಇನ್ನೊಂದೆಡೆ ಭರಚುಕ್ಕಿಯಾಗಿಯೂ ಧುಮುಕುತ್ತಾಳೆ. ಎದುರು ನಿಂತವರ ಕನ್ನಡಕದ ಮೇಲೆ ತುಂತುರು ಬಂದು ಕೂರುತ್ತದೆ. ಒರಸಿದಷ್ಟೂ ಮತ್ತೆ ಕೂರುತ್ತದೆ. ಈ ಜಲಪಾತದ ಬಲದಿಂದಲೇ 1902ರಲ್ಲಿ ವಿದ್ಯುತ್ತನ್ನು ಉತ್ಪಾದಿಸಿ ತೊಂಬತ್ತಕ್ಕೂ ಹೆಚ್ಚು ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಅಂದು ನೀರು ಬಿದ್ದು ನಗರಕ್ಕೆ ದೀಪವನ್ನು ಕೊಟ್ಟಿತು. ಇಂದು ಅದೇ ನೀರನ್ನು ಅದೇ ನಗರಕ್ಕೆ ಎತ್ತಲು ದೀಪದ ಶಕ್ತಿಯನ್ನು ಸುರಿಯಬೇಕಾಗಿದೆ. ಹೊಳೆ ಬೀಳುವಾಗ ಕೊಟ್ಟದ್ದನ್ನು ಏರುವಾಗ ಹಿಂದಕ್ಕೆ ಕೇಳುತ್ತದೆ. ಈ ಲೆಕ್ಕ ನಮ್ಮ ನಲ್ಲಿಯ ಬಾಯಿಯಲ್ಲಿ ಕಾಣುವುದಿಲ್ಲ. ಇಲ್ಲಿ ನಿಂತರೆ ಕಾಣುತ್ತದೆ.

ದ್ವೀಪದಲ್ಲಿರುವ ಮಧ್ಯರಂಗನ ದರ್ಶನವನ್ನು ಮುಗಿಸಿ, ಹೊಳೆಯ ಸಮೀಪ ಮರದ ನೆರಳಿನಲ್ಲಿ ಬುತ್ತಿಯನ್ನು ಬಿಚ್ಚಿದೆವು. ಸ್ವಲ್ಪ ದೂರದಲ್ಲಿ ಯಾರೋ ಒಂದು ಆಟೋವನ್ನು ನೀರಿನ ಅಂಚಿಗೆ ಇಳಿಸಿ ತೊಳೆಯುತ್ತಿದ್ದರು. ನಮ್ಮ ಗಾಡಿಯಾದರೋ ದಾರಿಯ ಕೆಮ್ಮಣ್ಣಿನಿಂದ ಅರ್ಧ ಬಿಳಿದು ಅರ್ಧ ಕೆಂಪಗಾಗಿತ್ತು. ನಮ್ಮ ಮನೆಯವರು ನಗುತ್ತ, "ನೀರಿದ್ದಲ್ಲಿಗೇ ಬಂದಾಯಿತಲ್ಲ, ಇಲ್ಲೇ ತೊಳೆದುಬಿಡಿ" ಎಂದರು. ಎತ್ತಿನ ಮೈಯಿಂದ ಕೆರೆಗೆ ಹೋಗುತ್ತಿದ್ದುದು ಬರಿಯ ಮಣ್ಣು. ಗಾಡಿಯ ಮೈಯಿಂದ ಹೋಗುವುದು ಎಣ್ಣೆ, ಗ್ರೀಸು, ಗಾಲಿಯ ಕಪ್ಪು. ಕೆಳಗಿನ ಊರುಗಳಲ್ಲಿ ಕೊಡ ಹಿಡಿದು ನಿಂತವರು ಇದೇ ಹೊಳೆಗೆ ನಿಂತಿರುತ್ತಾರೆ. ಬೇಡವೆಂದೆವು. ಅವರೂ ಒಪ್ಪಿದರು, ನಮ್ಮನ್ನು ಪರೀಕ್ಷಿಸುವುದಕ್ಕೇ ಹಾಗೆಂದರೆಂದು ಈಗಲೂ ನಮ್ಮ ಅನುಮಾನ.

ಕತ್ತಲಾಗುವ ಹೊತ್ತಿಗೆ ಮನೆಗೆ ಬಂದು, ಮರುದಿನ ಬೆಳಗ್ಗೆ ಗಾಡಿಯ ಸ್ನಾನಕ್ಕೆ ತೊಡಗಿದೆವು. ಆ ಕ್ರಮವನ್ನು ಇಲ್ಲಿ ಹೇಳಿದರೆ ಕೆಲವು ಗೃಹಸ್ಥರಿಗಾದರೂ ಉಪಯೋಗವಾದೀತು. ಬಿಸಿಲೇರುವ ಮುಂಚೆ, ಗಾಡಿಯ ಮೈ ತಣ್ಣಗಿರುವಾಗ, ನೆರಳಿನಲ್ಲಿ ತೊಳೆಯತಕ್ಕದ್ದು; ಬಿಸಿಯಾದ ತಗಡಿನ ಮೇಲೆ ಸಾಬೂನು ಒಣಗಿದರೆ ಕಲೆ ನಿಲ್ಲುತ್ತದೆ. ಒಣ ಧೂಳನ್ನು ಒಣ ಬಟ್ಟೆಯಿಂದ ಉಜ್ಜಕೂಡದು. ಮರಳಿನ ಕಣಗಳು ಬಣ್ಣವನ್ನು ಗೀರುತ್ತವೆ. ಬೀದಿಯ ಕಾರುಗಳನ್ನೆಲ್ಲ ಒಂದೇ ಬಕೀಟಿನ ಕೆಸರು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ದಿನವೂ ಒರಸಿಸಿಕೊಂಡರೆ ಆಗುವುದೂ ಇದೇ. ಒಂದು ಮಗ್ಗಿನಿಂದ ಗಾಡಿಯ ನೆತ್ತಿಯ ಮೇಲೆ ನೀರನ್ನು ತೆಳ್ಳಗೆ ಬಿಟ್ಟು ಧೂಳನ್ನು ನೆನೆಸಿ ಇಳಿಸಬೇಕು. ಹಕ್ಕಿಯ ಹಿಕ್ಕೆಯಿದ್ದಲ್ಲಿ ಒದ್ದೆ ಬಟ್ಟೆಯನ್ನು ಹಾಸಿ, ನೆನೆದ ಮೇಲೆ ಎತ್ತಬೇಕು; ಕೆರೆಯಬಾರದು. ತರುವಾಯ ಎರಡು ಪಾತ್ರೆಗಳು. ಒಂದರಲ್ಲಿ ಗಾಡಿಗೆಂದೇ ಮಾರುವ ಶಾಂಪೂವನ್ನು ಸ್ವಲ್ಪವೇ ಬೆರೆಸಿದ ನೀರು, ಇನ್ನೊಂದರಲ್ಲಿ ಬಟ್ಟೆಯನ್ನು ಅಲುಬಿಕೊಳ್ಳುವ ನೀರು. ಪಾತ್ರೆ ತೊಳೆಯುವ ಸಾಬೂನು ಬೇಡ. ಅದು ಬಣ್ಣದ ಮೇಲಿನ ಮೇಣದ ಹೊದಿಕೆಯನ್ನು ಕಿತ್ತುಹಾಕುತ್ತದೆ. ಮೆತ್ತನೆಯ ಮೈಕ್ರೊಫೈಬರ್ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಬರಬೇಕು. ಗಾಲಿಗಳು ಕಡೆಯವು, ಅವುಗಳಿಗೆ ಬೇರೆ ಬಟ್ಟೆ. ಗಾಲಿಯ ಗೂಡಿನೊಳಗಿನ ಕೆಸರನ್ನು ಕುಂಚಿಗೆಯಿಂದ ಬಿಡಿಸಬೇಕು. ಬಾಗಿಲುಗಳ ತಳದಲ್ಲಿ ನೀರು ಇಳಿಯಲು ಸಣ್ಣ ರಂಧ್ರಗಳಿರುತ್ತವೆ. ಕಸ ಕಟ್ಟಿದ್ದರೆ ಕಡ್ಡಿಯಿಂದ ಬಿಡಿಸಬೇಕು, ಇಲ್ಲವಾದರೆ ತುಕ್ಕು ಅಲ್ಲಿಂದಲೇ ಆರಂಭ. ಕಡೆಗೆ ಒಣ ಬಟ್ಟೆಯಿಂದ ನೀರನ್ನು ಹೀರಿಸಬೇಕು. ಕೊಳವೆಬಾವಿಯ ಗಡಸು ನೀರಾದರೆ ಒಣಗಿದಲ್ಲೆಲ್ಲ ಬಿಳಿಯ ಚುಕ್ಕೆ ಬಿಡುತ್ತದೆ. ಮಳೆಯ ನೀರಿಗೆ ಆ ದೋಷ ಬಹು ಕಡಮೆ. ಅಡಿಗೆಮನೆಯ ಶುದ್ಧೀಕರಣ ಯಂತ್ರವು ಹೊರಗೆ ಬಿಡುವ ನೀರು ಗಾಜಿಗೆ ತಕ್ಕುದಲ್ಲ, ಅದರಲ್ಲಿ ಉಪ್ಪಿನಂಶ ಹೆಚ್ಚು. ಕಾಲೊರಸುಗಳನ್ನು ತೊಳೆಯಲು ಸಾಕು. ಎಲ್ಲವೂ ಮುಗಿದ ಮೇಲೆ ಗಾಡಿಯನ್ನು ಒಂದು ಸುತ್ತು ಓಡಿಸಿ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಅಲ್ಲಿನ ತೇವವೂ ಆರುತ್ತದೆ. ಹೀಗೆ ವಾರಕ್ಕೊಮ್ಮೆ ತೊಳೆಯುವವರಿಗೆ ಕೊಳೆ ಅಂಟುವುದೇ ಇಲ್ಲ. ಅಂಟದ ಕೊಳೆಗೆ ಹೆಚ್ಚು ನೀರು ಬೇಡ.

ಶಿವನಸಮುದ್ರದ ಕೆಮ್ಮಣ್ಣು ಹತ್ತಿದ್ದ ಆ ದಿನವೂ ನಮಗೆ ಹಿಡಿದುದು ಡ್ರಮ್ಮಿನ ನೀರು ಒಂದೂವರೆ ಬಕೀಟು. ಹೆಚ್ಚೆಂದರೆ 23 ಲೀಟರು. ಗಾಲಿ ತೊಳೆದ ನೀರನ್ನು ಮೋರಿಗೆ ಬಿಡಲಿಲ್ಲ. ಗಿಡಕ್ಕೂ ಹಾಕಲಿಲ್ಲ, ಎಣ್ಣೆಯಿರುತ್ತದೆ. ಅಂಗಳದ ಒಂದು ಮೂಲೆಯಲ್ಲಿ ಜಲ್ಲಿ ತುಂಬಿದ ಗುಂಡಿಗೆ ಸುರಿದೆವು. ಸ್ತೋತ್ರ ಮಾತ್ರ ಎರಡು ಸಲ ಮುಗಿಯಿತು. ಬಗ್ಗಿ ಎದ್ದು ಮಾಡುವ ಕೆಲಸಕ್ಕೆ ಹೊತ್ತು ಹೆಚ್ಚು ಹಿಡಿಯುತ್ತದೆ.

ಇದನ್ನೆಲ್ಲ ಆ ಯಾದಗಿರಿಯ ಹೆಣ್ಣುಮಗಳಿಗೆ ತೋರಿಸಬೇಕೆಂಬ ಆಸೆ ನಮ್ಮಲ್ಲಿತ್ತೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಅಷ್ಟರಲ್ಲಿ ಆ ಮನೆಯ ಕೆಲಸ ಮುಗಿದು, ಶೆಡ್ಡನ್ನು ಕಿತ್ತು, ಅವರು ಬೇರೆಲ್ಲಿಗೋ ಕೆಲಸಕ್ಕೆ ಹೋಗಿದ್ದರು. ಎಲ್ಲಿಗೆಂದು ನಮ್ಮ ಬೀದಿಯಲ್ಲಿ ಯಾರಿಗೂ ತಿಳಿಯದು. ಅವಳ ಹೆಸರನ್ನು ಕೇಳಬೇಕೆಂದು ಅಂದು ನಮಗೆ ತೋರಿರಲಿಲ್ಲ.

2025ರ ಫೆಬ್ರವರಿಯಲ್ಲಿ ಜಲಮಂಡಳಿಯವರು ಅದೇ ನಿಷೇಧವನ್ನು ಮತ್ತೆ ಜಾರಿಗೆ ತಂದರು. ಬೇಸಗೆ ಮರಳಿ ಮರಳಿ ಬರುವುದೇ. ನಮ್ಮ ಮನೆಯವರು ಆಗ ಒಂದು ಮಣ್ಣಿನ ಹರವಿಯನ್ನು ಕೊಂಡುತಂದರು. ನಮ್ಮ ಹಳ್ಳಿಗಳಲ್ಲಿ ಬೇಸಗೆಯಲ್ಲಿ ಅರವಟ್ಟಿಗೆಯನ್ನು ಇಡುತ್ತಿದ್ದುದು ವಾಚಕರಲ್ಲಿ ಹಿರಿಯರಿಗೆ ನೆನಪಿರಬಹುದು. ಆ ಹರವಿ ಈಗ ನಮ್ಮ ಗೇಟಿನ ಹೊರಗೆ ಹೊಂಗೆಯ ನೆರಳಿನಲ್ಲಿದೆ. ಮೇಲೆ ಒಂದು ತಟ್ಟೆ, ತಟ್ಟೆಯ ಮೇಲೆ ಒಂದು ಲೋಟ. ಭಾನುವಾರ ಬೆಳಗ್ಗೆ ಪಂಚೆಯನ್ನು ಎತ್ತಿ ಕಟ್ಟಿ ಹೊರಗೆ ಬಂದಾಗ ಮೊದಲು ಆ ಹರವಿಯನ್ನು ತೊಳೆದು ಕಾವೇರಿಯ ನೀರಿನಿಂದ ತುಂಬುತ್ತೇವೆ. ಆಮೇಲೆ ಮಳೆನೀರಿನ ಡ್ರಮ್ಮಿನ ಮುಚ್ಚಳವನ್ನು ತೆಗೆಯುತ್ತೇವೆ. ಗಾಡಿಯ ಸರದಿ ಈಗ ಎರಡನೆಯದು.